ಗೇಟ್‌ವೇ ಲಾಗ್: ಎಂಟು ಬೈಟ್‌ನ ಕಾಟ

ಮನೆಯ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕಿನ ಪುಟ ಯಾಕೆ ತೆರೆಯುತ್ತಿಲ್ಲ ಅನ್ನೋದಕ್ಕೆ ಕಾರಣ ಕೊನೆಗೂ ಸಿಕ್ಕಿತು. ಡಿಎನ್‌ಎಸ್ ಅಲ್ಲ, ಕೇಬಲ್ ಅಲ್ಲ, ವೈಫೈ ಅಂತೂ ಅಲ್ಲವೇ ಅಲ್ಲ. ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಅನ್ನೋ ಮಿತಿ.

ಸೆಟಪ್ ಇಷ್ಟು: ಫೈಬರ್ ಡಬ್ಬಿ ಬ್ರಿಜ್ ಮೋಡ್‌ನಲ್ಲಿ (ಬಂದದ್ದನ್ನು ದಾಟಿಸೋದಷ್ಟೇ ಅದರ ಕೆಲಸ), ಗೇಟ್‌ವೇ (ಮನೆಗೂ ಇಂಟರ್ನೆಟ್‌ಗೂ ನಡುವಿನ ಬಾಗಿಲು) ಆಗಿ ಹಳೇ ಆಫೀಸ್ ಡೆಸ್ಕ್‌ಟಾಪ್, ಅದರ ಮೇಲೆ ಡೆಬಿಯನ್ ಲಿನಕ್ಸ್, ಎರಡು ನೆಟ್‌ವರ್ಕ್ ಕಾರ್ಡ್, ಪಿಪಿಪಿಒಇ (ಇಂಟರ್ನೆಟ್ ಸರ್ವಿಸ್‌ನವರಿಗೆ ಲಾಗಿನ್ ಆಗೋ ವಿಧಾನ) ಡಯಲ್ ಮಾಡೋದು ಈ ಕಂಪ್ಯೂಟರೇ. ಪ್ಯಾಕೆಟ್ ದಾಟಿಸೋ ಫಾರ್ವರ್ಡಿಂಗ್, ಮನೆಯ ಸಾಧನಗಳನ್ನೆಲ್ಲ ಒಂದೇ ವಿಳಾಸದ ಹಿಂದೆ ಇಡೋ ಮಾಸ್ಕರೇಡ್, ವಿಳಾಸ ಹಂಚೋ ಡಿಎಚ್‌ಸಿಪಿ ಮೊದಲ ಸಂಜೆಗೇ ಮುಗಿದಿತ್ತು. ರಗಳೆ ಮಾಡಿದ್ದು ಎರಡನೇ ಕಾರ್ಡು. ಸ್ಲಿಮ್ ಕ್ಯಾಬಿನೆಟ್ ಅಂತ ಒತ್ತಿ ಹೇಳಿದರೂ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಉದ್ದ ಬ್ರಾಕೆಟ್‌ನದ್ದನ್ನೇ ಕಟ್ಟಿಕೊಟ್ಟರು. ಬ್ರಾಕೆಟ್ ಬಿಚ್ಚಿ ಕೂರಿಸಿದರೆ ಕೇಬಲ್ ಎಳೆದಾಗಲೆಲ್ಲ ಕಾರ್ಡ್ ಸ್ಲಾಟಿನಿಂದ ಏಳುತ್ತೆ. ಕೊಳ್ಳುವಾಗ ಡಬ್ಬಿ ತೆಗೆಸಿ, ಗಿಡ್ಡ ಬ್ರಾಕೆಟ್ ಕಣ್ಣಾರೆ ನೋಡಿ.

ಈಗ ಅಸಲಿ ಕಾಟ. ಗೇಟ್‌ವೇ ಮೇಲೆ ಎಲ್ಲ ಸೈಟೂ ತೆರೆಯುತ್ತೆ. ಗೇಟ್‌ವೇ ಮೂಲಕ ನೆಟ್ ಪಡೆಯೋ ಲ್ಯಾಪ್‌ಟಾಪ್‌ನಲ್ಲಿ ಪಿಂಗ್ ಹೋಗುತ್ತೆ, ಯೂಟ್ಯೂಬ್ ಓಡುತ್ತೆ, ಬ್ಯಾಂಕಿನ ಪುಟ ಮಾತ್ರ ಬಿಳಿ ಪರದೆಯಲ್ಲೇ ಸುತ್ತುತ್ತಿರುತ್ತೆ.

ಪಿಪಿಪಿಒಇ ಸಂಪರ್ಕವಾದ ಪಿಪಿಪಿ0 ಮೇಲೆ ಟಿಸಿಪಿಡಂಪ್ (ಹಾದುಹೋಗೋ ಪ್ಯಾಕೆಟ್ ತೋರಿಸೋ ಸಾಧನ) ಬಿಟ್ಟಾಗ ಬಯಲಾಯಿತು. ಲ್ಯಾಪ್‌ಟಾಪಿನ ಸಿನ್‌ನಲ್ಲಿ (ಸಂಪರ್ಕ ಶುರುಮಾಡೋ ಪ್ಯಾಕೆಟ್) ಎಂಎಸ್‌ಎಸ್, ಅಂದರೆ ಒಂದು ಪ್ಯಾಕೆಟ್‌ನಲ್ಲಿ ತಾನು ತೆಗೆದುಕೊಳ್ಳಬಲ್ಲ ಡೇಟಾದ ಮಿತಿ, 1460. ಹ್ಯಾಂಡ್‌ಶೇಕ್ ಸರಿ, ಸುರಕ್ಷಿತ ಸಂಪರ್ಕ ಕೇಳೋ ಕ್ಲೈಂಟ್ ಹಲೋ ಹೋಗಿದೆ. ಸರ್ಟಿಫಿಕೇಟ್ ಬರಬೇಕಾದ ಜಾಗದಲ್ಲಿ ಮೊದಲಿನ ದೊಡ್ಡ ತುಂಡುಗಳು ನಾಪತ್ತೆ, ಬಾಲದ ಚಿಕ್ಕ ತುಂಡೊಂದೇ ಬಂದಿದೆ. ಲ್ಯಾಪ್‌ಟಾಪ್ ಅದೇ ಹಳೇ ಎಸಿಕೆ (ಇಲ್ಲಿವರೆಗೆ ತಲುಪಿದೆ ಅನ್ನೋ) ನಂಬರು ಹಿಡಿದು ಕಾಯುತ್ತಿದೆ.

ಈಥರ್ನೆಟ್‌ಗೆ 1500 ಬೈಟ್. ಪಿಪಿಪಿಒಇ ಹೆಡರ್ 6, ಪಿಪಿಪಿಯದು 2, ಉಳಿದದ್ದು 1492. 1999ರ ಆರ್‌ಎಫ್‌ಸಿ 2516ರಲ್ಲೇ ಈ ಮಿತಿ ಇದೆ. ಐಪಿಗೆ 20, ಟಿಸಿಪಿಗೆ 20 ಕಳೆದರೆ 1452. ಗೇಟ್‌ವೇಗೆ ತನ್ನ ಪಿಪಿಪಿ0 ಗೊತ್ತು, ತಾನೇ 1452 ಅನ್ನುತ್ತೆ. ಲ್ಯಾಪ್‌ಟಾಪಿಗೆ ಕಾಣೋದು ಮನೆಯೊಳಗಿನ 1500 ಮಾತ್ರ. ಸರ್ವರ್ 1500ರ ಪ್ಯಾಕೆಟ್‌ಗೆ ಒಡೆಯಬಾರದು ಅನ್ನೋ ಗುರುತು ಹಾಕಿ ಕಳಿಸುತ್ತೆ, ಸರ್ವಿಸ್‌ನವರ ತುದಿಯಲ್ಲಿ ಹಿಡಿಸದೆ ಬಿದ್ದುಹೋಗುತ್ತೆ. ‘ಚಿಕ್ಕದು ಮಾಡಿ ಕಳಿಸು’ ಅನ್ನೋ ಐಸಿಎಂಪಿ ಸಂದೇಶ ಸರ್ವರ್‌ಗೆ ಮುಟ್ಟಬೇಕು. ದಾರಿಯಲ್ಲಿ ಯಾವುದೋ ಫೈರ್‌ವಾಲ್ ಐಸಿಎಂಪಿಯನ್ನೇ ತಡೆದರೆ ಸರ್ವರ್‌ಗೆ ಸುದ್ದಿಯೇ ಇಲ್ಲ. ಯೂಟ್ಯೂಬನ್ನು ಬಚಾವ್ ಮಾಡಿದ್ದು ಟಿಸಿಪಿ ಬದಲು ಅದು ಬಳಸೋ ಕ್ವಿಕ್: 1200 ಬೈಟ್ ಆಸುಪಾಸಿನಲ್ಲಿ ಶುರುಮಾಡಿ, ದಾರಿ ಹಿಡಿಸಿದರಷ್ಟೇ ಬೆಳೆಯುತ್ತೆ.

ಖಾತ್ರಿಗೆ ಗೇಟ್‌ವೇಯಿಂದ ಒಡೆಯದ ಪಿಂಗ್ ಬಿಡಿ. 1464 ಹೋಗಬೇಕು, 1465 ಹೋಗಬಾರದು. 1492ರಲ್ಲಿ ಉಳಿದ 28 ಹೆಡರ್.

ಪರಿಹಾರ ಒಂದೇ ಸಾಲು: ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಸಿನ್ ಇರೋ ಪ್ಯಾಕೆಟ್‌ಗಳ ಎಂಎಸ್‌ಎಸ್ ಅನ್ನು ರೂಟ್‌ನ ಎಂಟಿಯುಗೆ ತಕ್ಕಂತೆ ಇಳಿಸೋದು. ಜಾಗ ಮುಖ್ಯ. ಗೇಟ್‌ವೇಗೇ ಬರೋ ಪ್ಯಾಕೆಟ್‌ಗಳ ನಿಯಮಪಟ್ಟಿಯಾದ ಇನ್‌ಪುಟ್ ಚೈನ್‌ನಲ್ಲಿ ಹಾಕಿದರೆ ಪ್ರಯೋಜನವಿಲ್ಲ, ಹಾದುಹೋಗೋ ಪ್ಯಾಕೆಟ್ ಅಲ್ಲಿಗೆ ಬರೋದೇ ಇಲ್ಲ. ಫಾರ್ವರ್ಡ್‌ನಲ್ಲೂ ಎಸ್ಟಾಬ್ಲಿಷ್ಡ್ ಅಕ್ಸೆಪ್ಟ್ (ನಡೆಯುತ್ತಿರೋ ಸಂಪರ್ಕಗಳನ್ನು ನೇರ ಬಿಡೋ) ಸಾಲಿಗಿಂತ ಮೇಲಿರಬೇಕು. ಕೆಳಗಿದ್ದರೆ ಸಿನ್‌ಗೆ ಉತ್ತರವಾಗಿ ವಾಪಸ್ ಬರೋ ಸಿನ್-ಎಸಿಕೆ ತಪ್ಪಿಸಿಕೊಳ್ಳುತ್ತೆ. ಟೇಬಲ್ ಐನೆಟ್ (ಐಪಿವಿ4, ಐಪಿವಿ6 ಎರಡಕ್ಕೂ ಒಂದೇ) ಆಗಿದ್ದರೆ ಐಪಿವಿ6ಗೂ ಅದೇ ಸಾಲು ಸಾಕು, ಅಲ್ಲಿ ಹೆಡರ್ ದೊಡ್ಡದಾದ್ದರಿಂದ 1432 ಆಗುತ್ತೆ.

ಅಂದಹಾಗೆ, ಕರೆಂಟ್ ಹೋದಾಗ 12 ವೋಲ್ಟ್ ಮಿನಿ ಯುಪಿಎಸ್ ಮೇಲೆ ಫೈಬರ್ ಡಬ್ಬಿ ಬದುಕಿರುತ್ತೆ, ಗೇಟ್‌ವೇ ಸಾಯುತ್ತೆ. ಮುಂದಿನ ಕೆಲಸ ಅದೇ: ಇದೆಲ್ಲವನ್ನೂ 12 ವೋಲ್ಟ್‌ನಲ್ಲಿ ಓಡೋ ಫ್ಯಾನಿಲ್ಲದ ಪುಟ್ಟ ಡಬ್ಬಿಗೆ ಸಾಗಿಸೋದು. ಅಲ್ಲಿವರೆಗೆ, ಕರೆಂಟ್ ಬಂದಕೂಡಲೇ ತಾನೇ ಆನ್ ಆಗೋ ಆಯ್ಕೆಯನ್ನು ಬಯೋಸ್‌ನಲ್ಲಿ ಹಾಕಿದೆ.

ಸಾಲು ಲೋಡ್ ಆದಮೇಲಿನ ಡಂಪ್‌ನಲ್ಲಿ ಸಿನ್ 1452, ಸರ್ಟಿಫಿಕೇಟಿನ ತುಂಡುಗಳೆಲ್ಲ ಸಾಲಾಗಿ ಬಂದಿವೆ. ಬ್ಯಾಂಕಿನ ಪುಟ ತೆರೆಯಿತು.