ಅಜ್ಜನ ದನಿಯಲ್ಲಿ ಆದ ತಪ್ಪು

ಕಲಬುರಗಿಯಲ್ಲಿ ಆಟೋ ಮೇಲೆ ಹಾರ್ನ್ ಕಟ್ಟಿಕೊಂಡು ಓಡಾಡುವ ಪ್ರಚಾರ ನೀವು ಕೇಳಿಯೇ ಇರುತ್ತೀರಿ. ಸೀರೆ ಸೇಲ್, ಟ್ಯೂಷನ್ ಕ್ಲಾಸ್, ಹೊಸ ಖಾನಾವಳಿ, ಆರೋಗ್ಯ ಶಿಬಿರ. ಅದರಲ್ಲಿ ಕೆಲವು ದನಿಗಳು ನನ್ನವು. 11 ವರ್ಷದಿಂದ ಇದೇ ನನ್ನ ಕೆಲಸ. ಒಂದು ಸಣ್ಣ ರೂಮು, ಸದ್ದು ತಡೆಯಲು ಗೋಡೆಗೆ ಹಳೇ ಗಾದಿ, ಒಂದು ಮೈಕು, ಒಂದು ಕಂಪ್ಯೂಟರ್. ರೆಕಾರ್ಡ್ ಮಾಡಿ ಪೆನ್ ಡ್ರೈವ್‌ಗೆ ಹಾಕಿ ಆಟೋದವರ ಕೈಗೆ ಕೊಡುತ್ತೇನೆ. ದರ್ಗಾ ಕಡೆ ಹೋಗುವ ಆಟೋಗೆ ನಮ್ಮ ಊರಿನ ಉರ್ದುವಿನಲ್ಲಿ, ಗಂಜ್ ಕಡೆ ಹೋಗುವುದಕ್ಕೆ ಕನ್ನಡದಲ್ಲಿ.

ಈ ಕೆಲಸದಲ್ಲಿ ಸಮಯ ಬಹಳ ಕಡಿಮೆ. ಆಟೋ ನಿಮ್ಮ ಮನೆ ಮುಂದೆ ಹಾದುಹೋಗುವಷ್ಟರಲ್ಲಿ ನಿಮ್ಮ ಕಿವಿಗೆ ಬೀಳುವುದು ಹೆಚ್ಚೆಂದರೆ 15-20 ಸೆಕೆಂಡು. ದಪ್ಪ ದನಿಯಾದರೆ ಹಾರ್ನ್‌ನಲ್ಲಿ ಅರ್ಧ ಸತ್ತೇ ಹೋಗುತ್ತದೆ, ತುಸು ಕೀಚಲು ದನಿಯೇ ದೂರ ಹೋಗುತ್ತದೆ. ಅದಕ್ಕೇ ನಾನು ಒಬ್ಬ ಅಜ್ಜನ ದನಿ ಮಾಡಿಕೊಂಡೆ. ಹಲ್ಲಿಲ್ಲದ, ಎಲ್ಲದಕ್ಕೂ ತಕರಾರು ಮಾಡುವ ಅಜ್ಜ. ಅವನಿಗೊಬ್ಬಳು ಮೊಮ್ಮಗಳು, ಆ ದನಿ ನನ್ನ ಹೆಂಡತಿಯದು. ಜನಕ್ಕೆ ಬಹಳ ಹಿಡಿಸಿತು. ಆಟೋ ಹಿಂದೆ ಹುಡುಗರು ಓಡುತ್ತಿದ್ದರು. ಅಂಗಡಿಯವರು ಬಂದು "ಅಜ್ಜನ್ನ ಹಾಕ್ರಿ" ಎಂದೇ ಕೇಳುತ್ತಿದ್ದರು.

ಕೆಲವು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಒಂದು ಕಣ್ಣಿನ ತಪಾಸಣೆ ಶಿಬಿರದ ಪ್ರಚಾರ ಬಂತು. ಅಜ್ಜ ತನ್ನ ಮೇಕೆ ಎಂದು ಬೇರೆಯವರ ಮೇಕೆ ಹಿಡಿದುಕೊಂಡು ಬರುತ್ತಾನೆ, ಮೊಮ್ಮಗಳು ಬೈಯುತ್ತಾಳೆ, ಕಣ್ಣು ತೋರಿಸು ಎನ್ನುತ್ತಾಳೆ. ಚೀಟಿಯಲ್ಲಿ ಕೈಬರಹದಲ್ಲಿ 24 ಎಂದಿತ್ತು. ನಾನು 14 ಎಂದು ಓದಿದೆ. ಅಜ್ಜನ ಬಾಯಲ್ಲಿ "ಹದಿನಾಲ್ಕಕ್ಕ ಬರ್ತೀನಿ ನಡಿ" ಎಂದುಬಿಟ್ಟೆ. ಯಾವ ವಾರ ಎಂದು ಹೇಳಲೇ ಇಲ್ಲ. ರೆಕಾರ್ಡಿಂಗನ್ನು ಶಿಬಿರದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ, ಅವರೂ ಕೇಳಿ ನಕ್ಕು ಓಕೆ ಎಂದರು. ನಗುತ್ತಾ ಕೇಳುವಾಗ ತಾರೀಖಿನ ಮೇಲೆ ಯಾರ ಗಮನವೂ ಇರುವುದಿಲ್ಲ ಎನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

14ರ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ಶಿಬಿರ ನಡೆಯಬೇಕಿದ್ದ ಶಾಲೆಯ ಗೇಟಿಗೆ ಬೀಗ. ಹೊರಗೆ ಬೇವಿನ ಮರದ ಕೆಳಗೆ ಮೂವತ್ತರ ಹತ್ತಿರ ಜನ, ಹೆಚ್ಚಿನವರು ವಯಸ್ಸಾದವರು. ಆಳಂದ ರಸ್ತೆಯ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದಿದ್ದರು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಕಡೆ ಮೇ ಬಿಸಿಲು ಹೇಗಿರುತ್ತದೆ ಗೊತ್ತಲ್ಲ, ಹತ್ತು ಗಂಟೆಗೇ ಟಾರು ರಸ್ತೆ ಮೇಲೆ ಕಾಲಿಡಲು ಆಗುವುದಿಲ್ಲ. ತಾರೀಖು ತಪ್ಪಾಗಿದೆ, ಶಿಬಿರಕ್ಕೆ ಇನ್ನೂ 10 ದಿನ ಇದೆ ಎಂದು ಹೇಳಿದೆ. ಒಬ್ಬ ಆಯಿ ಒಪ್ಪಲಿಲ್ಲ. "ಅಜ್ಜ ಹದಿನಾಲ್ಕೇ ಅಂದಾನಲ್ಲ ತಮ್ಮಾ, ನಾ ಛಲೋ ಕೇಳೀನಿ" ಎಂದಳು. ಆ ಅಜ್ಜ ಎದುರಿಗೇ ನಿಂತಿದ್ದಾನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಕ್ಷಮೆ ಕೇಳಿದೆ. ಎಲ್ಲರಿಗೂ ನೀರು ತರಿಸಿ ವಾಪಸ್ ಬಸ್ ಚಾರ್ಜು ಕೊಟ್ಟು ಕಳಿಸಿದೆ. ಆ ಆಯಿಯ ಮುಖ ಇವತ್ತಿಗೂ ನೆನಪಿದೆ.

ಅವತ್ತೇ ತಿದ್ದುಪಡಿ ರೆಕಾರ್ಡ್ ಮಾಡಿದೆ. ಅಜ್ಜನನ್ನು ಬೇಕೆಂತಲೇ ಬಿಟ್ಟೆ. ತೊಂದರೆಪಟ್ಟ ಜನರ ಮುಂದೆ ಮತ್ತೆ ತಮಾಷೆ ಮಾಡುವುದು ಸರಿಯಲ್ಲ ಅನಿಸಿತು. "ಸಾರ್ವಜನಿಕರ ಗಮನಕ್ಕೆ" ಎಂದು ನನ್ನ ಸ್ವಂತ ದನಿಯಲ್ಲಿ ಗಂಭೀರವಾಗಿ ಓದಿದೆ. 4 ದಿನ ಆಟೋ ಓಡಿತು. ಕೊನೆಗೆ ಡ್ರೈವರ್ ಬಂದು, "ಅಣ್ಣಾ, ಇದನ್ನ ಯಾರೂ ಕೇಳವಲ್ರು. ಅಜ್ಜನ ದನಿ ಬಂದ್ರ ಮಂದಿ ನಿಂದರ್ತಾರ" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. 24ಕ್ಕೆ ಶಿಬಿರ ನಡೆಯಿತು, ಆದರೆ ಬಂದವರು ಬಹಳ ಕಡಿಮೆ. ಮರದ ಕೆಳಗೆ ನೋಡಿದ ಮುಖಗಳಲ್ಲಿ ಐದಾರು ಮಾತ್ರ ಕಂಡವು, ಆ ಆಯಿ ಬಂದಿರಲಿಲ್ಲ.

ಇದು ನನ್ನ ಒಳಗೆ ಹಾಗೇ ಉಳಿದಿತ್ತು. ಮುಂದಿನ ವರ್ಷ ತಂಗಿಯ ಮಗ ರಜೆಗೆ ಬಂದಿದ್ದ. ಸೂರ್ಯನ ಪಾಠಕ್ಕೆ ಏನೋ ಹುಡುಕುತ್ತಾ "ಮಾಮ, ಇದು ಕೇಳ್ರಿ" ಎಂದು ಎರಡು ಇಂಗ್ಲಿಷ್ ಹಾಡು ಹಾಕಿದ. ಅಮೆರಿಕದ ದೇ ಮೈಟ್ ಬಿ ಜೈಂಟ್ಸ್ ಎಂಬ ಬ್ಯಾಂಡಿನವು. ತಮಾಷೆ ಹಾಡುಗಳಿಗೆ ಹೆಸರಾದವರು. ಮೊದಲನೆಯದು ಸೂರ್ಯ ಎಂದರೆ ಕಾದು ಹೊಳೆಯುವ ಅನಿಲದ ದೊಡ್ಡ ಮುದ್ದೆ ಎಂದು ಹೇಳುವ ಹಾಡು. ಅದನ್ನು ಅವರು ಬರೆದದ್ದೂ ಅಲ್ಲ. 1959ರಲ್ಲಿ ಮಕ್ಕಳಿಗಾಗಿ ಬಂದ ವಿಜ್ಞಾನದ ರೆಕಾರ್ಡಿನ ಹಾಡು. ಇವರು ಅದನ್ನು 1993ರಲ್ಲಿ ತಮ್ಮ ದನಿಯಲ್ಲಿ ಹೊರತಂದರು, ವೇದಿಕೆಗಳಲ್ಲೂ ಹಾಡಿದರು. ಜನರ ಬಾಯಿಗೆ ಬಂತು. ಆದರೆ ಸೂರ್ಯನನ್ನು ಸುಮ್ನೆ ಅನಿಲ ಎಂದರೆ ಸರಿಯಾಗುವುದಿಲ್ಲ. ಅಲ್ಲಿನ ಶಾಖಕ್ಕೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಓಡಾಡುತ್ತಿರುತ್ತವೆ, ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. 2009ರಲ್ಲಿ ಮಕ್ಕಳಿಗಾಗಿ ವಿಜ್ಞಾನದ ಆಲ್ಬಂ ಮಾಡಿದಾಗ ಇವರು ಹಳೇ ಹಾಡನ್ನು ಮುಚ್ಚಿಡಲಿಲ್ಲ. ಅದನ್ನೂ ಹಾಕಿ, ಅದರ ಬೆನ್ನಿಗೇ ಇನ್ನೊಂದು ಹಾಡು ಇಟ್ಟರು. ಮೊದಲು ಹೇಳಿದ್ದು ಈಗ ನಿಲ್ಲುವುದಿಲ್ಲ, ಸೂರ್ಯ ಪ್ಲಾಸ್ಮಾ ಎಂದು ಅಷ್ಟೇ ಗಮ್ಮತ್ತಿನಲ್ಲಿ ಹಾಡಿದರು.

ಹುಡುಗ ನಗುತ್ತಿದ್ದ. ನನಗೆ ಶಾಲೆಯ ಗೇಟು ಕಣ್ಣ ಮುಂದೆ ಬಂತು. ತಪ್ಪು ಎಷ್ಟು ಚೆನ್ನಾಗಿ ಹಾಡಿಕೊಂಡು ಊರು ತಿರುಗಿತ್ತೋ, ತಿದ್ದುಪಡಿಯೂ ಅಷ್ಟೇ ಚೆನ್ನಾಗಿ ಹಾಡಿಕೊಂಡು ತಿರುಗಬೇಕಿತ್ತು. ನಾನು ಅಜ್ಜನನ್ನು ಬಿಟ್ಟಿದ್ದು ಮರ್ಯಾದೆ ಎಂದುಕೊಂಡಿದ್ದೆ. ಆದರೆ ಕೇಳುವವರಿಗೆ ನಾನು ಯಾರೋ ಏನೋ. ಅವರು ನಂಬಿದ್ದು ಅಜ್ಜನನ್ನು.

ಆಮೇಲೆ ಈ ಬ್ಯಾಂಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ನನ್ನ ಇಂಗ್ಲಿಷಿಗೆ ಹುಡುಗನ ಸಹಾಯ ಬೇಕಾಯಿತು. ಜಾನ್ ಫ್ಲ್ಯಾನ್ಸ್‌ಬರ್ಗ್, ಜಾನ್ ಲಿನೆಲ್, ಇಬ್ಬರೇ. 1982ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರು. ಒಬ್ಬರ ಕೈಯಲ್ಲಿ ಗಿಟಾರು, ಇನ್ನೊಬ್ಬರ ಹೆಗಲಿಗೆ ಅಕಾರ್ಡಿಯನ್, ತಾಳಕ್ಕೆ ಮಷಿನ್. ಸ್ವಲ್ಪ ದಿನದಲ್ಲೇ ಲಿನೆಲ್ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು, ಫ್ಲ್ಯಾನ್ಸ್‌ಬರ್ಗ್ ಮನೆಯಲ್ಲಿ ಕಳ್ಳತನವಾಯಿತು. ವೇದಿಕೆ ಹತ್ತುವಂತಿರಲಿಲ್ಲ. ಆಗ ಮನೆಯ ಫೋನಿನ ಆನ್ಸರಿಂಗ್ ಮಷಿನ್‌ಗೆ, ಅಂದರೆ ಯಾರೂ ಫೋನ್ ಎತ್ತದಿದ್ದಾಗ ತಾನೇ ಉತ್ತರಿಸುವ ಯಂತ್ರಕ್ಕೆ, ಹಾಡು ತುಂಬಿ, ನಂಬರನ್ನು ಪೇಪರಿನಲ್ಲಿ ಹಾಕಿದರು. ಆ ನಂಬರಿಗೆ ಫೋನ್ ಮಾಡಿದವರಿಗೆ ಒಂದು ಹಾಡು ಕೇಳುತ್ತಿತ್ತು. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಡಯಲ್-ಎ-ಸಾಂಗ್ ಎಂದು ಅದಕ್ಕೆ ಹೆಸರಿಟ್ಟರು, 20 ವರ್ಷಕ್ಕೂ ಜಾಸ್ತಿ ನಡೆಸಿದರು. ಯಾರೋ ಒಬ್ಬರು ಒಂಟಿಯಾಗಿ ಕಿವಿಗೆ ಫೋನ್ ಇಟ್ಟುಕೊಂಡು ಹಾಡು ಕೇಳುವುದನ್ನು ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ. ನನ್ನ ಕೆಲಸವೂ ಹಾಗೇ ಅಲ್ವಾ, ಆಟೋ ಊರೆಲ್ಲ ತಿರುಗಿದರೂ ಕೇಳುವುದು ಬಾಗಿಲಲ್ಲಿ ನಿಂತ ಒಬ್ಬರು. 1990ರಲ್ಲಿ ದೊಡ್ಡ ಕಂಪನಿಯಿಂದ ಬಂದ ಫ್ಲಡ್ ಆಲ್ಬಂನ ಒಂದು ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಯಿತು. 2002ರಲ್ಲಿ ಒಂದು ಟಿವಿ ಧಾರಾವಾಹಿಯ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ, 2009ರಲ್ಲಿ ಬೇರೊಂದು ಮಕ್ಕಳ ಆಲ್ಬಂಗೆ ಇನ್ನೊಂದು. ಅವೆಲ್ಲ ದೊಡ್ಡ ಮಾತೇ. ಆದರೂ ನನಗೆ ಮುಖ್ಯವಾಗಿದ್ದು ಸೂರ್ಯನ ಆ ಎರಡನೇ ಹಾಡು.

ಈಗ ನನ್ನ ಕೆಲಸದ ರೀತಿ ಬದಲಾಗಿದೆ. ತಾರೀಖಿನ ಜೊತೆ ವಾರ ಹೇಳಲೇಬೇಕು, ಎರಡೂ ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಗಿರಾಕಿಗೆ ಎರಡು ಆಡಿಯೋ ಕಳಿಸುತ್ತೇನೆ. ಒಂದು ಪೂರ್ತಿ ಪ್ರಚಾರ. ಇನ್ನೊಂದರಲ್ಲಿ ತಮಾಷೆ ಇರುವುದಿಲ್ಲ, ಹೆಸರು, ಜಾಗ, ತಾರೀಖು, ಸಮಯ ಅಷ್ಟೇ ಓದಿರುತ್ತೇನೆ. ಎರಡನೆಯದನ್ನು ಕೇಳಿ ಓಕೆ ಎಂದ ಮೇಲೆಯೇ ಪೆನ್ ಡ್ರೈವ್ ಆಟೋಗೆ ಹೋಗುತ್ತದೆ. ಇದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಹೋದ ಶ್ರಾವಣದಲ್ಲಿ ಒಂದು ಸೀರೆ ಸೇಲ್ ಪ್ರಚಾರ ಮಾಡಿದೆವು. ಎರಡು ದಿನ ಆಟೋ ಓಡಿದ ಮೇಲೆ ಅವರ ಜಾಗ ಬದಲಾಯಿತು. ಈ ಸಲ ಗಂಭೀರವಾಗಿ ಓದಲಿಲ್ಲ. ಮೊಮ್ಮಗಳು "ಅಜ್ಜಾ, ನಿನ್ನೆ ನೀ ಹೇಳಿದ್ದು ತಪ್ಪದ!" ಎಂದು ಗದರುತ್ತಾಳೆ. ಅಜ್ಜ "ಹೌದವ್ವಾ, ತಪ್ಪಾಗ್ಯಾದ. ಜಗತ್ ಸರ್ಕಲ್ ಅಲ್ಲ, ಸೂಪರ್ ಮಾರ್ಕೆಟ್, ಸೂಪರ್ ಮಾರ್ಕೆಟ್" ಎಂದು ಕೋಲು ಬಡಿಯುತ್ತಾ ಹೇಳುತ್ತಾನೆ. ಸಂಜೆಗೆ ನಮ್ಮ ಓಣಿಯ ಹುಡುಗರು ಕೋಲು ಹಿಡಿದು ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು.

ಆ ಕಣ್ಣಿನ ಶಿಬಿರದವರು ಈ ವರ್ಷ ಮತ್ತೆ ಬಂದರು. ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಚೀಟಿಯಲ್ಲಿ ತಾರೀಖನ್ನು ಅಕ್ಷರದಲ್ಲೂ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವರ ಮುಂದೆಯೇ ಕ್ಯಾಲೆಂಡರ್ ತೆಗೆದು ವಾರ ನೋಡಿದೆ, ಜೋರಾಗಿ ಓದಿದೆ, ಅವರು ತಲೆ ಆಡಿಸಿದರು. ಆಳಂದ ರಸ್ತೆಯ ಆ ಹಳ್ಳಿಗಳಿಗೆ ಈ ಸಲ ಆಟೋ ಜೊತೆ ನಾನೂ ಹೋಗುತ್ತೇನೆ ಎಂದು ಹೇಳಿ, ಮೈಕ್ ಮುಂದೆ ಕೂತು ಅಜ್ಜನ ದನಿ ತೆಗೆದೆ.