ಸ್ಟ್ಯಾಂಡ್‌ಅಲೋನ್ ಐಟಿಎಸ್‌ನಿಂದ ಒಳಗಿನ ಐಟಿಎಸ್‌ಗೆ: ಲ್ಯಾಬ್ ಕೆಲಸ ಎಲ್ಲಿಗೆ ಬಂತು

ಸ್ಯಾಪ್ ಅಂದರೆ ಕಂಪನಿಗಳ ಲೆಕ್ಕ, ಸಂಬಳ, ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್. ಅದರ ಸ್ಕ್ರೀನ್‌ಗಳನ್ನು ಬ್ರೌಸರ್‌ನಲ್ಲಿ ತೋರಿಸುವುದು ವೆಬ್‌ಗುಯಿ, ಅದಕ್ಕಾಗಿ ಸ್ಕ್ರೀನನ್ನು ವೆಬ್ ಪುಟವಾಗಿ ಮಾಡಿಕೊಡುವುದು ಐಟಿಎಸ್ (ಇಂಟರ್ನೆಟ್ ಟ್ರಾನ್ಸಾಕ್ಷನ್ ಸರ್ವರ್). ಕಲಿಯೋಕೆಂದು ಇಟ್ಟುಕೊಂಡಿರುವ ಸ್ಯಾಪ್ ಲ್ಯಾಬ್‌ನಲ್ಲಿ ವೆಬ್‌ಗುಯಿ ಈಗ ಬೇರೆ ಐಟಿಎಸ್ ಸರ್ವರ್‌ನ ಹಂಗಿಲ್ಲದೆ ಓಡುತ್ತಿದೆ. ಲಾಗಿನ್ ಪುಟ ಬರುತ್ತದೆ, ಟ್ರಾನ್ಸಾಕ್ಷನ್ (ಒಂದು ಕೋಡ್ ಕೊಟ್ಟು ತೆರೆಯುವ ಸ್ಯಾಪ್ ಕೆಲಸ) ತೆರೆಯುತ್ತದೆ, ಐಕಾನ್‌ಗಳೂ ಜಾಗದಲ್ಲಿವೆ. ಹಳೆಯ 6.20 ಸ್ಟ್ಯಾಂಡ್‌ಅಲೋನ್ ಐಟಿಎಸ್ ಅನ್ನು ಮಾತ್ರ ಇನ್ನೂ ನಿಲ್ಲಿಸಿಲ್ಲ. ಇದರ ಹಿಂದೆ ಕೆಲಸ ಮಾಡುವ ಸ್ಯಾಪ್ ಸಿಸ್ಟಂ 6.40 ರಿಲೀಸ್‌ನದು. ಹಳೆಯ ಐಟಿಎಸ್ ಇದಕ್ಕೆ ಹೊಂದುತ್ತದೆ, ಒಳಗಿನ ಐಟಿಎಸ್ ಶುರುವಾಗಿದ್ದೂ ಇದೇ ರಿಲೀಸ್‌ನಲ್ಲಿ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನನಗೆ ಬೇಕಿದ್ದದ್ದೂ ಅದೇ.

ಮೊದಲು ಹೇಗಿತ್ತು

ಐಟಿಎಸ್ ಬಂದದ್ದು 1996ರಲ್ಲಿ, ಆಗಿನ ಸ್ಯಾಪ್ ಸಿಸ್ಟಂ ಆದ ಆರ್/3ರ 3.1 ರಿಲೀಸ್ ಕಾಲಕ್ಕೆ. ಆಗ ಸ್ಯಾಪ್ ಪ್ರೋಗ್ರಾಂಗಳು ಓಡುವ ಅಪ್ಲಿಕೇಶನ್ ಸರ್ವರ್‌ಗೆ ವೆಬ್‌ನ ಮಾತಾದ ಎಚ್‌ಟಿಟಿಪಿ ಗೊತ್ತೇ ಇರಲಿಲ್ಲ. ಅದಕ್ಕೇ ನಡುವೆ ಎರಡು ತುಂಡು ಬೇಕಾದವು. ಒಂದು ಡಬ್ಲ್ಯುಗೇಟ್. ಇದು ವೆಬ್ ಸರ್ವರ್ ಒಳಗೆ ಕೂರುವ ಸಣ್ಣ ಮಾಡ್ಯೂಲ್. ಬಂದ ರಿಕ್ವೆಸ್ಟನ್ನು ಹಿಂದಕ್ಕೆ ದಾಟಿಸುವುದಷ್ಟೇ ಅದರ ಕೆಲಸ. ಇನ್ನೊಂದು ಎಗೇಟ್. ನಿಜವಾದ ದುಡಿಮೆಯೆಲ್ಲ ಇಲ್ಲಿ: ಸೆಷನ್ ಹಿಡಿದಿಟ್ಟುಕೊಳ್ಳುವುದು, ಸ್ಕ್ರೀನನ್ನು ಎಚ್‌ಟಿಎಂಎಲ್ ಮಾಡುವುದು, ಪುಟದ ಅಚ್ಚಾದ ಟೆಂಪ್ಲೇಟ್ ಓದುವುದು.

ವೆಬ್‌ಗುಯಿ ತೆರೆದಾಗ ಈ ಎಗೇಟ್ ಹಿಂದಿನ ಸಿಸ್ಟಂ ಜೊತೆ ಡಯಾಗ್ ಪ್ರೋಟೋಕಾಲ್‌ನಲ್ಲೇ ಮಾತಾಡುತ್ತದೆ. ಡೆಸ್ಕ್‌ಟಾಪ್ ಸ್ಯಾಪ್ ಗುಯಿ ಆಡುವುದೂ ಇದೇ ಮಾತು. ಹಿಂದಿನ ಸಿಸ್ಟಂಗೆ ಬ್ರೌಸರ್ ಕಾಣುವುದೇ ಇಲ್ಲ. ಯಾರ್ಯಾರು ಲಾಗಿನ್ ಆಗಿದ್ದಾರೆಂದು ತೋರಿಸುವ ಎಸ್‌ಎಂ04 ತೆರೆದರೆ ವೆಬ್‌ನಿಂದ ಬಂದವರೆಲ್ಲ ಎಗೇಟ್ ಯಂತ್ರದ ಹೆಸರಿನಲ್ಲಿ ಕೂತಿರುತ್ತಾರೆ. ಅದೇ ಯೂಸರ್ ಒಳಗಿನ ಐಟಿಎಸ್ ಮೂಲಕ ಬಂದಾಗ ಅಲ್ಲಿ ಪ್ಲಗಿನ್ ಎಚ್‌ಟಿಟಿಪಿ ಅಂತ ಕಾಣುತ್ತದೆ. ಎರಡೂ ಸಾಲುಗಳನ್ನು ಒಂದೇ ಪರದೆಯಲ್ಲಿ ಕಂಡಾಗ ಬಹಳ ಖುಷಿಯಾಯಿತು. ಇಡೀ ರಚನೆಯ ವ್ಯತ್ಯಾಸ ಆ ಎರಡು ಸಾಲಿನಲ್ಲೇ ಇದೆ.

ಒಳಗೆ ತಂದದ್ದು

6.10ರಲ್ಲಿ ವೆಬ್ ರಿಕ್ವೆಸ್ಟ್ ಪಡೆಯುವ ಐಸಿಎಂ ಎಂಬ ಭಾಗ ಬಂದ ಮೇಲೆ ಅಪ್ಲಿಕೇಶನ್ ಸರ್ವರ್ ತಾನೇ ಎಚ್‌ಟಿಟಿಪಿ ಮಾತಾಡಲು ಕಲಿಯಿತು. 6.40ರಲ್ಲಿ ಐಟಿಎಸ್ ಆ ಸರ್ವರ್‌ನ ತಿರುಳಾದ ಕರ್ನಲ್ ಒಳಗೇ ಸೇರಿಕೊಂಡಿತು. ಆದ್ದರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡುವುದು ಏನೂ ಇಲ್ಲ. ಪ್ರೊಫೈಲ್‌ನಲ್ಲಿ ಐಟಿಎಸ್‌ಪಿ ಎನೇಬಲ್ ಪ್ಯಾರಾಮೀಟರ್ 1 ಇದೆಯಾ ನೋಡಿಕೊಂಡು, ವೆಬ್‌ಗೆ ತೆರೆಯುವ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಎಸ್‌ಐಸಿಎಫ್ ಟ್ರಾನ್ಸಾಕ್ಷನ್‌ಗೆ ಹೋಗಿ ವೆಬ್‌ಗುಯಿ ಸರ್ವಿಸ್ ಆಕ್ಟಿವೇಟ್ ಮಾಡಬೇಕು. ಸರ್ವಿಸ್ ಆಕ್ಟಿವ್ ಇಲ್ಲದಿದ್ದರೆ ಬ್ರೌಸರ್‌ಗೆ 403, ಅಂದರೆ ಪ್ರವೇಶವಿಲ್ಲ ಅನ್ನುವ ಉತ್ತರ ಬರುತ್ತದೆ. ಇದು ಒಳ್ಳೆಯ ಪದ್ಧತಿ. ಬೇಕೆಂದು ತೆರೆದ ಬಾಗಿಲು ಮಾತ್ರ ತೆರೆದಿರುತ್ತದೆ.

ಒಂದು ವಿಷಯ ಇಲ್ಲಿ ಬರೆದಿಡಬೇಕು. ವೆಬ್‌ಗುಯಿ ಒಂದನ್ನೇ ಆಕ್ಟಿವೇಟ್ ಮಾಡಿದರೆ ಸಾಲದು. ಐಕಾನ್, ಸ್ಟೈಲ್‌ಶೀಟ್, ಸ್ಕ್ರಿಪ್ಟ್ ಎಲ್ಲ ಬರುವುದು ಎಸ್‌ಐಸಿಎಫ್ ಮರದ ಪಬ್ಲಿಕ್ ಕೊಂಬೆಯ ಕೆಳಗಿರುವ ಐಟಿಎಸ್ ಮೈಮ್ಸ್ ಸರ್ವಿಸ್‌ನಿಂದ. ಅದು ಮುಚ್ಚಿದ್ದರೆ ಪುಟ ಬಂದರೂ ಬೋಳುಬೋಳಾಗಿ ಕಾಣುತ್ತದೆ. ಆಮೇಲೆ ಟೆಂಪ್ಲೇಟ್‌ಗಳನ್ನು ಒಳಗಿನ ಐಟಿಎಸ್‌ಗೆ ಪಬ್ಲಿಷ್ ಮಾಡಬೇಕು. ಪ್ರೋಗ್ರಾಂ ಬರೆಯುವ ಟ್ರಾನ್ಸಾಕ್ಷನ್ ಆದ ಎಸ್‌ಇ80ಯಿಂದ ಒಂದೊಂದಾಗಿ ಮಾಡಬಹುದು, ಎಲ್ಲವನ್ನೂ ಒಟ್ಟಿಗೆ ಕಳಿಸುವ ರಿಪೋರ್ಟ್ ಕೂಡ ಇದೆ.

ನನಗೆ ಜಾಸ್ತಿ ಇಷ್ಟವಾದದ್ದು ಈ ಭಾಗವೇ. ಸ್ಟ್ಯಾಂಡ್‌ಅಲೋನ್‌ನಲ್ಲಿ ಸರ್ವಿಸ್ ಫೈಲ್, ಟೆಂಪ್ಲೇಟ್ ಎಲ್ಲ ಎಗೇಟ್ ಡಿಸ್ಕ್‌ನ ಫೋಲ್ಡರ್‌ಗಳಲ್ಲಿ ಇರುತ್ತವೆ, ಚಿತ್ರಗಳು ವೆಬ್ ಸರ್ವರ್‌ನಲ್ಲಿ. ಎರಡು ಎಗೇಟ್ ಇದ್ದರೆ ಎರಡರಲ್ಲೂ ಒಂದೇ ಫೈಲ್ ಇದೆಯೋ ಇಲ್ಲವೋ ಎಂದು ನಾವೇ ಕಾಯಬೇಕು. ಈಗ ಎಲ್ಲವೂ ಸ್ಯಾಪ್ ಸಿಸ್ಟಂ ಒಳಗಿನ ರೆಪಾಸಿಟರಿಯಲ್ಲಿದೆ. ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಪ್ರೋಗ್ರಾಂ ಹೋಗುವ ಟ್ರಾನ್ಸ್‌ಪೋರ್ಟ್‌ನಲ್ಲೇ ಟೆಂಪ್ಲೇಟ್ ಕೂಡ ಹೋಗುತ್ತದೆ. ಹಳೆಯ ಸರ್ವಿಸ್ ಫೈಲ್‌ನಲ್ಲಿದ್ದ ಪ್ಯಾರಾಮೀಟರ್‌ಗಳಲ್ಲಿ ಹೆಚ್ಚಿನವನ್ನು ಎಸ್‌ಐಸಿಎಫ್‌ನ ಗುಯಿ ಕಾನ್ಫಿಗರೇಶನ್‌ಗೆ ತಂದೆ. ಮೆಸೇಜ್ ಸರ್ವರ್ ಯಾವುದು, ಲಾಗಿನ್ ಗ್ರೂಪ್ ಯಾವುದು ಅನ್ನುವಂಥವನ್ನು ಸುಮ್ನೆ ಬಿಟ್ಟುಬಿಟ್ಟೆ. ಐಟಿಎಸ್ ಈಗ ಸಿಸ್ಟಂ ಒಳಗೇ ಇದೆ, ಅದಕ್ಕೆ ದಾರಿ ಹೇಳಬೇಕಾಗಿಲ್ಲ ಅಲ್ವಾ.

ಭಾರ ಎಲ್ಲಿಗೆ ಹೋಯಿತು

ಯಂತ್ರ ಕಡಿಮೆಯಾಯಿತು, ಕೆಲಸ ಕಡಿಮೆಯಾಗಲಿಲ್ಲ. ಎಗೇಟ್ ಮಾಡುತ್ತಿದ್ದ ಎಚ್‌ಟಿಎಂಎಲ್ ದುಡಿಮೆಯನ್ನು ಈಗ ಅಪ್ಲಿಕೇಶನ್ ಸರ್ವರ್‌ನ ವರ್ಕ್ ಪ್ರೋಸೆಸ್‌ಗಳೇ ಮಾಡುತ್ತವೆ. ತಯಾರಾದ ಟೆಂಪ್ಲೇಟ್‌ಗಳಿಗೆ ಈ ಪ್ರೋಸೆಸ್‌ಗಳೆಲ್ಲ ಹಂಚಿಕೊಳ್ಳುವ ಎಕ್ಸ್‌ಟೆಂಡೆಡ್ ಗ್ಲೋಬಲ್ ಮೆಮರಿ ಬೇಕು. ಆ ಮೆಮರಿಯ ಪ್ಯಾರಾಮೀಟರ್ ಹೆಚ್ಚಿಸದೆ ಐಟಿಎಸ್ ಚಾಲೂ ಮಾಡಬಾರದು. ನಾನು ಮೊದಲು ಅದನ್ನು ಹೆಚ್ಚಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ, ಆಮೇಲೆ ಎಸ್‌ಐಟಿಎಸ್‌ಪಿಎಂಒಎನ್ ತೆರೆದೆ. ಐಟಿಎಸ್‌ನ ಸ್ಥಿತಿ, ಮೆಮರಿ ಎಲ್ಲ ಆ ಒಂದು ಟ್ರಾನ್ಸಾಕ್ಷನ್‌ನಲ್ಲಿ ಸಿಗುತ್ತದೆ.

ಸೆಷನ್ ವಿಷಯವನ್ನು ಬೇಕೆಂದೇ ಪರೀಕ್ಷಿಸಿದೆ. ಲಾಗಿನ್ ಆಗಿ, ಲಾಗ್ ಆಫ್ ಒತ್ತದೆ ಬ್ರೌಸರನ್ನು ಹಾಗೇ ಕೊಂದೆ. ಎಸ್‌ಎಂ04ರಲ್ಲಿ ಸೆಷನ್ ಅಲ್ಲೇ ಕೂತಿತ್ತು. ಟೈಮ್‌ಔಟ್ ಆಗುವವರೆಗೂ ಅದು ಮೆಮರಿ ಬಿಡುವುದಿಲ್ಲ. ಸ್ಟ್ಯಾಂಡ್‌ಅಲೋನ್‌ನಲ್ಲೂ ಇಂಥ ಅನಾಥ ಸೆಷನ್‌ಗಳು ಉಳಿಯುತ್ತವೆ, ಆದರೆ ಅವುಗಳ ಎಚ್‌ಟಿಎಂಎಲ್ ಭಾರವನ್ನು ಎಗೇಟ್ ಹೊರುತ್ತಿತ್ತು. ಈಗ ಎಲ್ಲವೂ ಪೇರೋಲ್, ಸ್ಟಾಕ್ ಓಡುವ ಸರ್ವರ್‌ನ ತಲೆಯ ಮೇಲೆಯೇ. ಹಾಗಾಗಿ ಟೈಮ್‌ಔಟ್ ಅಂದರೆ ಬರೀ ಬಳಸುವವರ ಅನುಕೂಲದ ಮಾತಲ್ಲ. ಎಚ್‌ಟಿಟಿಪಿ ಸೆಷನ್‌ಗಳ ಆಟೋ ಲಾಗ್‌ಔಟ್ ಡೀಫಾಲ್ಟ್ 1800 ಸೆಕೆಂಡ್. ನನ್ನ ಲ್ಯಾಬ್‌ನಲ್ಲಿ ಅದನ್ನು ಇಳಿಸಿದ್ದೇನೆ.

ಗೋಡೆಯ ಪ್ರಶ್ನೆ

ಸ್ಟ್ಯಾಂಡ್‌ಅಲೋನ್‌ಗೆ ಒಂದು ದೊಡ್ಡ ಗುಣ ಇತ್ತು, ಅದನ್ನು ಮರೆಯಬಾರದು. ಹೊರಗಿನವರಿಗೆ ಕಾಣುವ ಜಾಗದಲ್ಲಿ ಡಬ್ಲ್ಯುಗೇಟ್, ಫೈರ್‌ವಾಲ್ ಹಿಂದೆ ಎಗೇಟ್, ಅದರ ಹಿಂದೆ ಅಪ್ಲಿಕೇಶನ್ ಸರ್ವರ್. ಹೊರಗಿನ ರಿಕ್ವೆಸ್ಟ್ ಯಾವತ್ತೂ ನೇರವಾಗಿ ಕೊನೆಯ ಸರ್ವರ್ ಮುಟ್ಟುತ್ತಿರಲಿಲ್ಲ. ಒಳಗಿನ ಐಟಿಎಸ್‌ನಲ್ಲಿ ಆ ಅಂತರ ತಾನಾಗಿ ಬರುವುದಿಲ್ಲ, ನಾವೇ ಕಟ್ಟಬೇಕು. ಐಸಿಎಂ ಪೋರ್ಟನ್ನು ಹೊರಗಿನ ನೆಟ್‌ವರ್ಕ್‌ಗೆ ಬೆತ್ತಲೆ ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. ಆದ್ದರಿಂದ ಅದರ ಮುಂದೆ ರಿಕ್ವೆಸ್ಟ್‌ಗಳನ್ನು ಪಡೆದು ಹಿಂದಕ್ಕೆ ಹಂಚುವ ವೆಬ್ ಡಿಸ್ಪ್ಯಾಚರ್ ಇಟ್ಟಿದ್ದೇನೆ. ಯಾವ ವಿಳಾಸಗಳು ಒಳಗೆ ಹೋಗಬಹುದು ಅನ್ನುವ ಪರ್ಮಿಷನ್ ಟೇಬಲ್ ಅದರಲ್ಲಿದೆ. ಬೇಕಾದ ಸರ್ವಿಸ್‌ಗಳಷ್ಟೇ ಬರೆದು ಉಳಿದದ್ದೆಲ್ಲ ಮುಚ್ಚಿದೆ.

ಅಪ್ಲಿಕೇಶನ್ ಸರ್ವರ್ ಒಂದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಕೆಲಸವೂ ಅದರದ್ದೇ. ವೆಬ್‌ಗುಯಿ ಸೆಷನ್ ಶುರುವಾದ ಸರ್ವರ್‌ಗೇ ಮುಂದಿನ ಕ್ಲಿಕ್ ಕೂಡ ಹೋಗಬೇಕು. ಅದನ್ನು ಡಿಸ್ಪ್ಯಾಚರ್ ಒಂದು ಕುಕೀ ನೋಡಿ ತಿಳಿಯುತ್ತದೆ. ಎಸ್‌ಎಸ್‌ಎಲ್ ಎನ್‌ಕ್ರಿಪ್ಷನ್ ಅನ್ನು ಬಿಚ್ಚದೆ ಹಾಗೇ ಹಿಂದಕ್ಕೆ ಕಳಿಸಿದರೆ ಕುಕೀ ಅದಕ್ಕೆ ಕಾಣುವುದಿಲ್ಲ, ಬಂದವರ ಐಪಿ ನೋಡಿ ಹಂಚುತ್ತದೆ. ಎಲ್ಲರೂ ಒಂದೇ ಪ್ರಾಕ್ಸಿ ಹಿಂದಿದ್ದರೆ ಭಾರವೆಲ್ಲ ಒಂದೇ ಸರ್ವರ್‌ಗೆ! ಅದಕ್ಕೆ ನಾನು ಡಿಸ್ಪ್ಯಾಚರ್‌ನಲ್ಲೇ ಎಸ್‌ಎಸ್‌ಎಲ್ ಬಿಚ್ಚಿ, ಹಿಂದಕ್ಕೆ ಮತ್ತೆ ಎನ್‌ಕ್ರಿಪ್ಟ್ ಮಾಡಿ ಕಳಿಸುವ ದಾರಿ ಹಿಡಿದೆ.

ಬಾಕಿ ಇರುವುದು

ವೆಬ್‌ಆರ್‌ಎಫ್‌ಸಿ ಎಂಬ ಹಳೆಯ ವಿಧಾನದಲ್ಲಿ ಬ್ರೌಸರ್‌ನಿಂದ ಕರೆಯುವ ಕೆಲವು ರಿಪೋರ್ಟ್‌ಗಳು ಒಳಗಿನ ಐಟಿಎಸ್‌ನಲ್ಲಿ ಓಡುವುದಿಲ್ಲ. ಅವಕ್ಕೆ ಎಸ್‌ಐಸಿಎಫ್‌ನಲ್ಲಿ ಬೇರೆಯೇ ಸರ್ವಿಸ್ ಇದೆ. ಅವುಗಳನ್ನು ಅಲ್ಲಿಗೆ ಸಾಗಿಸುವುದು ಮುಂದಿನ ಕೆಲಸ. ಅದು ಮುಗಿಯುವವರೆಗೆ ಎಗೇಟ್ ಓಡುತ್ತಲೇ ಇರುತ್ತದೆ.