ಫಿಲಡೆಲ್ಫಿಯಾದ ಒಂದು ಕೋಣೆ, ಒಂದು ಹಡಗು

"ಬಿರುಕು ಬಿಟ್ಟ ಗಂಟೆ ಆಮೇಲೆ ನೋಡು. ಮೊದಲು ಇಂಡಿಪೆಂಡೆನ್ಸ್ ಹಾಲ್ ಒಳಗೆ ಹೋಗು" ಎಂದು ನ್ಯೂಜೆರ್ಸಿಯ ಭಾವ ಹೇಳಿ ಕಳಿಸಿದ್ದರು. ಟ್ರೆಂಟನ್‌ನಲ್ಲಿ ರೈಲು ಬದಲಿಸಿ ಫಿಲಡೆಲ್ಫಿಯಾದಲ್ಲಿ ಇಳಿದೆ. ಚೆಸ್ಟ್‌ನಟ್ ಸ್ಟ್ರೀಟ್‌ವರೆಗೆ ನಡೆದರೆ ಕೆಂಪು ಇಟ್ಟಿಗೆಯ ಕಟ್ಟಡ, ಅದರ ಮೇಲೆ ಬಿಳಿ ಗೋಪುರ. ಜುಲೈ ಬಿಸಿಲು, ಸೆಕೆಯೋ ಸೆಕೆ.

ಪಾರ್ಕ್ ರೇಂಜರ್ ನಮ್ಮ ಗುಂಪನ್ನು ಅಸೆಂಬ್ಲಿ ರೂಮಿಗೆ ಕರೆದುಕೊಂಡು ಹೋದರು. ಇಷ್ಟೇನಾ ಅನ್ನಿಸಿತು! ನಮ್ಮೂರಿನ ಸಣ್ಣ ಕಲ್ಯಾಣ ಮಂಟಪವೂ ಇದಕ್ಕಿಂತ ದೊಡ್ಡದು. ಹಸಿರು ಬಟ್ಟೆ ಹೊದಿಸಿದ ಪುಟ್ಟ ಮೇಜುಗಳು, ಮೇಲೆ ಗರಿಯ ಲೇಖನಿ, ಎರಡೂ ಬದಿ ಎತ್ತರದ ಕಿಟಕಿಗಳು. ಪೀಠೋಪಕರಣ ಬಹುಪಾಲು ಆ ಕಾಲದ್ದೇ ಆದರೂ ಇಲ್ಲಿ ಇದ್ದವೇ ಅಲ್ಲ. ಮುಂದಿರುವ ಎತ್ತರದ ಕುರ್ಚಿ ಮಾತ್ರ ಅಸಲಿ. 1787ರಲ್ಲಿ ವಾಷಿಂಗ್ಟನ್ ಕೂತಿದ್ದದ್ದು ಅದರಲ್ಲೇ. ಅದರ ಬೆನ್ನಿನ ತುದಿಯಲ್ಲಿ ಅರ್ಧ ಸೂರ್ಯನ ಕೆತ್ತನೆ ಇದೆ, ಚಿನ್ನದ ಬಣ್ಣದ್ದು.

1776ರಲ್ಲಿ ಅಮೆರಿಕದ ವಸಾಹತುಗಳು ಇದೇ ಕೋಣೆಯಲ್ಲಿ ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿದ ಕಥೆ ಎಲ್ಲರಿಗೂ ಗೊತ್ತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಮ್ಮವರು ಒಬ್ಬರೂ ಇಲ್ಲ, ತೆರಿಗೆ ಮಾತ್ರ ನಾವು ಕಟ್ಟಬೇಕಾ ಎನ್ನುವುದು ವಸಾಹತಿನವರ ತಕರಾರು. 1765ರ ಸ್ಟಾಂಪ್ ತೆರಿಗೆಯಿಂದ ಹೊಗೆಯಾಡಿದ್ದು 1775ರಲ್ಲಿ ಯುದ್ಧವೇ ಆಯಿತು. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು ನಿಜಕ್ಕೂ ಜುಲೈ 2ರಂದು. 4ಕ್ಕೆ ಆದದ್ದು ಘೋಷಣೆಯ ಬರಹಕ್ಕೆ ಒಪ್ಪಿಗೆ. ಡೆಲವೇರ್ ವಸಾಹತಿನಿಂದ ಬಂದಿದ್ದ ಇಬ್ಬರು ಒಬ್ಬೊಬ್ಬರು ಒಂದೊಂದು ಕಡೆ ನಿಂತಾಗ, ಮೂರನೆಯವನಾದ ಸೀಸರ್ ರಾಡ್ನಿ ಗುಡುಗು ಮಳೆಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಸ್ವಾತಂತ್ರ್ಯದ ಪರ ಮತ ಹಾಕಿದ.

ನನಗೆ ಜಾಸ್ತಿ ಹಿಡಿಸಿದ್ದು ಇದೇ ಕೋಣೆಯ ಎರಡನೇ ಕಥೆ. 1783ರಲ್ಲಿ ಬ್ರಿಟನ್ ಸ್ವಾತಂತ್ರ್ಯ ಒಪ್ಪಿತು, ಸರಿ. ಆದರೆ ಹೊಸ ದೇಶದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕು, ಅವು ಕೊಟ್ಟರೆ ಉಂಟು. ಯುದ್ಧದ ಸಾಲ ತಲೆಯ ಮೇಲೆ. ಮ್ಯಾಸಚೂಸೆಟ್ಸ್‌ನಲ್ಲಿ ಸಾಲ, ತೆರಿಗೆಗೆ ಬೇಸತ್ತ ರೈತರು ಬಂದೂಕು ಹಿಡಿದು ಕೋರ್ಟುಗಳನ್ನೇ ಮುಚ್ಚಿಸಿದರು. ಆಗ ಎಲ್ಲರಿಗೂ ದಿಗಿಲಾಯಿತು.

ಈ ಆಡಳಿತ ವ್ಯವಸ್ಥೆಯನ್ನು ಸರಿಪಡಿಸಲು ರಾಜ್ಯಗಳ ಪ್ರತಿನಿಧಿಗಳು 1787ರ ಮೇ ತಿಂಗಳಲ್ಲಿ ಮತ್ತೆ ಇಲ್ಲಿ ಸೇರಿದರು. ಮಾತು ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚಿ, ಬಾಗಿಲಿಗೆ ಕಾವಲು ಹಾಕಿ! ಟೀ ಶರ್ಟಿನಲ್ಲೇ ನನಗೆ ಬೆವರು ಇಳಿಯುತ್ತಿತ್ತು, ಅವರು ಕೋಟು ತೊಟ್ಟು ನಾಲ್ಕು ತಿಂಗಳು ಜಗಳವಾಡಿದ್ದಾರೆ. ಜನಸಂಖ್ಯೆಗೆ ತಕ್ಕಷ್ಟು ಸೀಟು ಕೊಡಿ ಎಂದಿತು ವರ್ಜೀನಿಯಾ. ಆಮೇಲೆ ನಮ್ಮ ಮಾತು ಯಾರು ಕೇಳ್ತಾರೆ ಎಂದಿತು ಪುಟ್ಟ ನ್ಯೂಜೆರ್ಸಿ. ಕೊನೆಗೆ ಕೆಳಮನೆಯಲ್ಲಿ ಜನಸಂಖ್ಯೆ ಲೆಕ್ಕ, ಸೆನೆಟ್ಟಿನಲ್ಲಿ ಎಲ್ಲರಿಗೂ ಎರಡೆರಡು ಎಂದು ರಾಜಿಯಾಯಿತು. ಇನ್ನೊಂದು ರಾಜಿ ಕೇಳಲು ಹಿಂಸೆ: ಸೀಟು ಹಂಚುವಾಗ ಗುಲಾಮರನ್ನು ಐದಕ್ಕೆ ಮೂರರಂತೆ ಎಣಿಸುವುದು. ಅವರಿಗೆ ಮತವಿಲ್ಲ, ಒಡೆಯರಿಗೆ ಸೀಟು ಜಾಸ್ತಿ.

ಬಂದವರು 55, ಸೆಪ್ಟೆಂಬರ್ 17ರಂದು ಹೊಸ ಸಂವಿಧಾನಕ್ಕೆ ಸಹಿ ಹಾಕಿದವರು 39. ಆ ಕುರ್ಚಿಯ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಎಂದು ಇಷ್ಟು ದಿನ ಗೊತ್ತಾಗಿರಲಿಲ್ಲ, ಈಗ ಹುಟ್ಟುತ್ತಿದ್ದಾನೆ ಎಂದು ತಿಳಿಯಿತು ಅಂದನಂತೆ ಪೆನ್ಸಿಲ್ವೇನಿಯಾದ ಪ್ರತಿನಿಧಿ, 81ರ ಬೆಂಜಮಿನ್ ಫ್ರಾಂಕ್ಲಿನ್. ಮುದುಕನ ಮಾತು ಚೆನ್ನಾಗಿದೆ, ಅಲ್ವಾ?

ರಸ್ತೆ ದಾಟಿದರೆ ಲಿಬರ್ಟಿ ಬೆಲ್, ಭಾವ ಹೇಳಿದ ಆ ಬಿರುಕು ಬಿಟ್ಟ ಗಂಟೆ. ಫೋಟೋ ತೆಗೆದುಕೊಂಡು ಹೊರಟೆ. ಅದರ ಪಕ್ಕದಲ್ಲೇ ಅಧ್ಯಕ್ಷನಾಗಿ ವಾಷಿಂಗ್ಟನ್ ಇದ್ದ ಮನೆಯ ಜಾಗ. ಈಗ ಉಳಿದಿರುವುದು ಅಡಿಪಾಯ. ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ನೆಲೆಸಿದ ಗುಲಾಮರು ಬಿಡುಗಡೆ ಕೇಳಬಹುದು ಎಂಬ ಕಾನೂನಿತ್ತು. ಆ ಗಡುವು ಮುಗಿಯುವ ಮೊದಲೇ ಅವರನ್ನು ರಾಜ್ಯದಾಚೆ ಕಳಿಸಿ ವಾಪಸ್ ಕರೆಸುತ್ತಿದ್ದ ಈ ಮಹಾಶಯ. ಓನಾ ಜಡ್ಜ್ ಎಂಬ ಯುವತಿ 1796ರಲ್ಲಿ, ಮನೆಯವರು ಊಟಕ್ಕೆ ಕೂತಿದ್ದಾಗ, ಹೊರಬಿದ್ದು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಮತ್ತೆ ಕೈಗೆ ಸಿಗಲಿಲ್ಲ.

ಸಂಜೆ ಡೆಲವೇರ್ ನದಿಯ ದಡಕ್ಕೆ ಹೋದೆ. ಕನ್ನಡದವರು ಇಲ್ಲಿಗೆ ಬರಲೇಬೇಕು. 1782ರಲ್ಲಿ ಪೆನ್ಸಿಲ್ವೇನಿಯಾದವರು ವ್ಯಾಪಾರಿ ಹಡಗುಗಳ ಕಾವಲಿಗೆ ಇದೇ ನದಿಯಲ್ಲಿ ಒಂದು ಹಡಗು ಬಿಟ್ಟರು. ಅದರ ಹೆಸರು 'ಹೈದರ್ ಅಲಿ'! ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರನೇ. ಆಗಿನ್ನೂ ಬದುಕಿದ್ದ, ಅದೇ ಬ್ರಿಟಿಷರ ವಿರುದ್ಧ ಕಾದಾಡುತ್ತಿದ್ದ. ಏಪ್ರಿಲ್ 8ರಂದು ನದಿ ಸಮುದ್ರ ಸೇರುವ ಕೊಲ್ಲಿಯಲ್ಲಿ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗು ಎದುರಾಯಿತು. ಕ್ಯಾಪ್ಟನ್ ಜೋಶುವಾ ಬಾರ್ನಿ ತನ್ನ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದನಂತೆ: ನಾನು ಕೂಗುವುದಕ್ಕೆ ಉಲ್ಟಾ ತಿರುಗಿಸು. ಕೂಗು ಕೇಳಿದ ಬ್ರಿಟಿಷರು ಮೋಸಹೋದರು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಸೆರೆ ಸಿಕ್ಕ ಹಡಗಿಗೆ ಆಮೇಲೆ 'ಜನರಲ್ ವಾಷಿಂಗ್ಟನ್' ಎಂದು ಹೆಸರಿಟ್ಟರು.